ಸೀರಿಯಲ್ ಸೆಟ್‌ಗೆ ಹೋದರೆ ಜಾಹೀರಾತಿನ ಬಾಗಿಲು ಮುಚ್ಚುತ್ತಾ?

ಪ್ರಶ್ನೆ: ನನಗೆ 27 ವರ್ಷ. ಓದಿದ್ದು ಕಾಮರ್ಸ್. ಮೂರು ವರ್ಷದಿಂದ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿಯಲ್ಲಿ ವಿಡಿಯೊ ಎಡಿಟರ್ ಆಗಿದ್ದೇನೆ. ಮೊಬೈಲ್‌ಗೆ ಬೇಕಾದ ಸಣ್ಣ ವಿಡಿಯೊಗಳನ್ನು ದಿನಕ್ಕೆ ನಾಲ್ಕೈದು ಕಟ್ ಮಾಡುತ್ತೇನೆ. ಜಾಹೀರಾತು ಚಿತ್ರಗಳನ್ನು ನಿರ್ದೇಶಿಸಬೇಕು ಅನ್ನುವುದು ನನ್ನ ಆಸೆ. ಈಗ ಮೂರು ದಾರಿ ಇವೆ. ಒಂದು, ಆಡ್ ಫಿಲ್ಮ್ ಪ್ರೊಡಕ್ಷನ್ ಹೌಸ್‌ನಲ್ಲಿ ಸಹಾಯಕ ನಿರ್ದೇಶನ. ಮೊದಲ ಆರು ತಿಂಗಳು ಸಂಬಳ ಇಲ್ಲ, "ಕಲಿಯೋಕೆ ಸಿಗುತ್ತೆ" ಅಂತಾರೆ. ಎರಡು, ದಿನಾ ಪ್ರಸಾರವಾಗುವ ಧಾರಾವಾಹಿಯಲ್ಲಿ ಅದೇ ಕೆಲಸ, ತಿಂಗಳ ಸಂಬಳದ ಜೊತೆಗೆ. ಮೂರು, ಸಾಲ ಮಾಡಿ ಒಂದು ವರ್ಷದ ಡೈರೆಕ್ಷನ್ ಕೋರ್ಸ್. ಮನೆಯವರು ಸೀರಿಯಲ್‌ಗೆ ಹೋಗು ಅನ್ನುತ್ತಾರೆ. ಸ್ನೇಹಿತರು, "ಒಂದು ಸಲ ಸೀರಿಯಲ್ ಹಣೆಪಟ್ಟಿ ಬಿತ್ತು ಅಂದ್ರೆ ಆಡ್‌ನವರು ಹತ್ತಿರ ಸೇರಿಸಲ್ಲ" ಅನ್ನುತ್ತಾರೆ. ಎಲ್ಲಿ ಹೋದರೂ ಶೋರೀಲ್, ಅಂದರೆ ಮಾಡಿದ ಕೆಲಸದ ಮಾದರಿ ವಿಡಿಯೊ, ಕೇಳುತ್ತಾರೆ. ಕೆಲಸವೇ ಸಿಗದೆ ರೀಲ್ ಎಲ್ಲಿಂದ ತರಲಿ? ವಯಸ್ಸು ಬೇರೆ ಮೀರುತ್ತಿದೆ ಅನ್ನಿಸುತ್ತಿದೆ. ಯಾವ ದಾರಿ ಹಿಡಿಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದಾರಿಗಳ ಲೆಕ್ಕ ಇದೆ. ಅದರ ಹಿಂದೆ ನನಗೆ ಕಂಡದ್ದು ಎರಡು ಭಯ. ತಪ್ಪು ಕಡೆ ಕಾಲಿಟ್ಟರೆ ವಾಪಸ್ ಬರೋಕಾಗಲ್ಲ ಅನ್ನುವುದು ಒಂದು. ಈಗಾಗಲೇ ತಡವಾಯಿತು ಅನ್ನುವುದು ಇನ್ನೊಂದು.

ಎರಡನೆಯದನ್ನು ಮೊದಲು ಮುಗಿಸಿಬಿಡೋಣ, ಅದಕ್ಕೆ ಜಾಸ್ತಿ ಮಾತು ಬೇಡ. ಬ್ರಿಟಿಷ್ ನಿರ್ದೇಶಕ ರಿಡ್ಲಿ ಸ್ಕಾಟ್ ಹುಟ್ಟಿದ್ದು 1937ರಲ್ಲಿ, ಅವರ ಮೊದಲ ಕಥಾಚಿತ್ರ ಬಂದದ್ದು 1977ರಲ್ಲಿ. ಶ್ಯಾಮ್ ಬೆನಗಲ್ ಹುಟ್ಟಿದ್ದು 1934ರಲ್ಲಿ, ಮೊದಲ ಕಥಾಚಿತ್ರ 1974ರಲ್ಲಿ. ಇಬ್ಬರೂ ನಲವತ್ತರ ಹೊಸ್ತಿಲಲ್ಲಿದ್ದರು. ಅಲ್ಲಿಯವರೆಗೆ ಸುಮ್ನೆ ಕೂತಿರಲಿಲ್ಲ ನಿಜ, ಜಾಹೀರಾತು ಚಿತ್ರಗಳಲ್ಲೇ ಕೈ ಪಳಗಿಸಿಕೊಂಡರು. ನೀವೂ ಸುಮ್ನೆ ಕೂತಿಲ್ಲ. ಮೂರು ವರ್ಷ ಎಡಿಟ್ ಟೇಬಲ್ ಮುಂದೆ ಕೂತಿದ್ದೀರಿ. ಅದನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ನನ್ನ ಲೆಕ್ಕದಲ್ಲಿ ಇಡೀ ಪತ್ರದಲ್ಲಿ ಬೆಲೆಬಾಳುವ ಸಾಲು ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಹಣೆಪಟ್ಟಿಯ ವಿಷಯ. ಟೀವಿಗೆ ಹೋದವರನ್ನು ಜಾಹೀರಾತಿನವರು ಸೇರಿಸಲ್ಲ ಅನ್ನುವ ಮಾತು ತುಂಬಾ ಹಳೆಯದು. ಆದರೆ ಇದೇ ರಿಡ್ಲಿ ಸ್ಕಾಟ್ ಶುರು ಮಾಡಿದ್ದು ಬಿಬಿಸಿಯಲ್ಲಿ, ಸೆಟ್ ಡಿಸೈನರ್ ಆಗಿ. ಅಲ್ಲೇ ಸರಣಿಗಳ ಎಪಿಸೋಡ್ ನಿರ್ದೇಶಿಸಿದರು. ಆಮೇಲೆ 1968ರಲ್ಲಿ ಸ್ವಂತ ಜಾಹೀರಾತು ಚಿತ್ರ ಕಂಪನಿ ಶುರು ಮಾಡಿದರು. ಇನ್ನೊಬ್ಬ ಬ್ರಿಟಿಷ್ ನಿರ್ದೇಶಕ ಅಲನ್ ಪಾರ್ಕರ್ ಬಂದದ್ದು ಉಲ್ಟಾ ದಿಕ್ಕಿನಿಂದ. ಲಂಡನ್ನಿನ ಜಾಹೀರಾತು ಏಜೆನ್ಸಿಯೊಂದರಲ್ಲಿ ಜಾಹೀರಾತು ಬರೆಯುವ ಕಾಪಿರೈಟರ್ ಆಗಿದ್ದವರು, ಜಾಹೀರಾತು ತೆಗೆದು, 1975ರಲ್ಲಿ ಬಿಬಿಸಿಗೆ ಟೀವಿ ಚಿತ್ರ ಮಾಡಿದರು. ಈ ರಸ್ತೆಯಲ್ಲಿ ಎರಡೂ ಕಡೆಯಿಂದ ಓಡಾಟ ಇದೆ.

ಹಾಗಂತ ನಿಮ್ಮ ಸ್ನೇಹಿತರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹಣೆಪಟ್ಟಿ ಬೀಳುತ್ತದೆ. ಆದರೆ ಅದು ಟೀವಿಗಿಂತ ಜಾಹೀರಾತಿನಲ್ಲೇ ಜಾಸ್ತಿ. ನಾನು ಪ್ರೊಡ್ಯೂಸರ್ ಆಗಿ ರೀಲ್‌ಗಳನ್ನು ನೋಡಿ, ಏಜೆನ್ಸಿಗೆ ಕಳಿಸಿ, ಅವರ ಮಾತು ಕೇಳುವ ಜಾಗದಲ್ಲಿ ಬಹಳ ಕಾಲ ಕೂತಿದ್ದೇನೆ. ಹಾಲು ಸುರಿಯುವ ಶಾಟ್ ತೆಗೆದವರಿಗೇ ಮತ್ತೆ ಹಾಲಿನ ಕೆಲಸ. ಕೂದಲು ತೆಗೆದವರಿಗೆ ಕೂದಲು. ಕಾರು ತೆಗೆದವರಿಗೆ ಕಾರು. "ಇವರ ರೀಲ್‌ನಲ್ಲಿ ಮಕ್ಕಳೇ ಇಲ್ಲವಲ್ಲ?" ಅಂತ ಕೇಳಿ ಒಳ್ಳೆಯ ನಿರ್ದೇಶಕರನ್ನು ಪಕ್ಕಕ್ಕಿಟ್ಟಿದ್ದನ್ನು ನೋಡಿದ್ದೇನೆ. ಆ ನಿರ್ದೇಶಕರಿಗೆ ಮನೆಯಲ್ಲಿ ಮೂರು ಮಕ್ಕಳಿದ್ದರು, ಅದು ಬೇರೆ ವಿಷಯ.

ಯಾಕೆ ಹೀಗೆ? ಇದು ಅರ್ಥವಾದರೆ ನಿಮ್ಮ ರೀಲ್ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ. ದೊಡ್ಡ ಬ್ರ್ಯಾಂಡಿನ ಜಾಹೀರಾತನ್ನು ಟೀವಿಯಲ್ಲಿ, ಮೊಬೈಲ್‌ನಲ್ಲಿ ತೋರಿಸೋಕೆ ಆಗುವ ಖರ್ಚು ಸಾಮಾನ್ಯವಾಗಿ ಅದನ್ನು ಶೂಟ್ ಮಾಡುವ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು. ಪ್ರಸಾರದ ತಾರೀಖು ಮೊದಲೇ ಬುಕ್ ಆಗಿರುತ್ತದೆ. ಶೂಟಿಂಗ್ ಕೆಟ್ಟರೆ ಕ್ಲೈಂಟ್ ಕಡೆಯ ಮ್ಯಾನೇಜರ್ ತಮ್ಮ ಮೇಲಿನವರಿಗೆ ಉತ್ತರ ಕೊಡಬೇಕು. ಏಜೆನ್ಸಿಯವರು ಆ ಮ್ಯಾನೇಜರಿಗೆ ಉತ್ತರ ಕೊಡಬೇಕು. ಪ್ರೊಡಕ್ಷನ್ ಹೌಸ್ ಏಜೆನ್ಸಿಗೆ ಉತ್ತರ ಕೊಡಬೇಕು. ಇಷ್ಟು ಜನ ಹೆದರಿಕೊಂಡು ಕೂತಿರುವಾಗ, "ಈ ಹುಡುಗರಲ್ಲಿ ಏನೋ ಇದೆ, ಕೊಟ್ಟು ನೋಡೋಣ" ಅನ್ನುವ ಧೈರ್ಯ ಯಾರಿಗೂ ಸುಲಭಕ್ಕೆ ಬರಲ್ಲ. ಮೊದಲೇ ಮಾಡಿ ತೋರಿಸಿದವರನ್ನು ಆರಿಸಿದರೆ ಕೆಟ್ಟರೂ ಬೈಗುಳ ಕಡಿಮೆ. ಅದಕ್ಕೇ ರೀಲ್ ಕೇಳುತ್ತಾರೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಸ್ಥಿತಿ ಹುಟ್ಟುವುದು ಇಲ್ಲಿಂದ. ನಿಮ್ಮನ್ನು ಅವಮಾನ ಮಾಡೋಕೆ ಯಾರೂ ಕೇಳುತ್ತಿಲ್ಲ.

ಮುಂದೆ ಹೋಗುವ ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ನಿರ್ದೇಶಕರು ಜಾಹೀರಾತಿನ ಐಡಿಯಾ ಮಾಡುತ್ತಾರೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹೆಚ್ಚಿನ ಕೆಲಸಗಳಲ್ಲಿ ಹಾಗಲ್ಲ. ಜಾಹೀರಾತಿನಲ್ಲಿ ಏನು ಹೇಳಬೇಕು ಅಂತ ಕ್ಲೈಂಟ್ ಬ್ರೀಫ್ ಕೊಡುತ್ತದೆ. ಏಜೆನ್ಸಿಯಲ್ಲಿ ಕಾಪಿರೈಟರ್ ಮತ್ತು ಆರ್ಟ್ ಡೈರೆಕ್ಟರ್ ಕೂತು ಸ್ಕ್ರಿಪ್ಟ್ ಮಾಡುತ್ತಾರೆ. ಕ್ಲೈಂಟ್ ಒಪ್ಪಿದ ಮೇಲೆ ಅದು ಎರಡು ಮೂರು ನಿರ್ದೇಶಕರ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಒಂದು ಟ್ರೀಟ್‌ಮೆಂಟ್ ಬರೆಯುತ್ತಾರೆ. ಯಾರನ್ನು ಹಾಕಿಕೊಳ್ಳುತ್ತೇನೆ, ಬೆಳಕು ಹೇಗಿರುತ್ತದೆ, ನಗು ಎಲ್ಲಿ ಬರುತ್ತದೆ, ಕೊನೆಯ ಪ್ರಾಡಕ್ಟ್ ಶಾಟ್ ಹೇಗೆ ಅಂತ ಚಿತ್ರಗಳ ಸಮೇತ ಇಪ್ಪತ್ತು ಮೂವತ್ತು ಪುಟ. ಕೆಲಸ ಸಿಗುವುದು ಒಬ್ಬರಿಗೆ. ಉಳಿದವರಿಗೆ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ. ಟೀವಿ ಧಾರಾವಾಹಿಯಲ್ಲಿ ಕಥೆಯ ಲಗಾಮು ಬರಹಗಾರರ ಮತ್ತು ಚಾನೆಲ್ ಕೈಯಲ್ಲಿ ಇರುತ್ತದೆ. ಎಪಿಸೋಡ್ ಡೈರೆಕ್ಟರ್ ಬಂದ ಸೀನನ್ನು ಚೆನ್ನಾಗಿ, ಹೊತ್ತಿಗೆ ಸರಿಯಾಗಿ ತೆಗೆಯಬೇಕು.

ಆದ್ದರಿಂದ ನಿಮ್ಮನ್ನೇ ಕೇಳಿಕೊಳ್ಳಿ. ನಿಮಗೆ ಖುಷಿ ಕೊಡುವುದು ಐಡಿಯಾ ಹೊಳೆಯುವ ಗಳಿಗೆಯಾ, ಬೇರೆಯವರ ಐಡಿಯಾವನ್ನು ಚಿತ್ರವಾಗಿಸುವ ಕೆಲಸವಾ? ಮೊದಲನೆಯದಾದರೆ ನಿಮ್ಮ ಜಾಗ ಏಜೆನ್ಸಿಯ ಕಾಪಿ ಟೇಬಲ್. ಬೆನಗಲ್ ಶುರು ಮಾಡಿದ್ದೂ ಕಾಪಿರೈಟರ್ ಆಗಿಯೇ. ಪಾರ್ಕರ್ ಏಜೆನ್ಸಿಯ ನೆಲಮಾಳಿಗೆಯಲ್ಲಿ 16 ಎಂಎಂ ಕ್ಯಾಮೆರಾ ಇಟ್ಟುಕೊಂಡು ತಾವು ಬರೆದ ಜಾಹೀರಾತುಗಳನ್ನು ಪ್ರಯೋಗಕ್ಕೆ ಅಂತ ಶೂಟ್ ಮಾಡುತ್ತಿದ್ದರು. ನಿರ್ದೇಶನದ ಅಭ್ಯಾಸ ಆದದ್ದು ಅಲ್ಲಿ. ನಿಮ್ಮ ಪತ್ರ ಓದಿದರೆ ನೀವು ಎರಡನೆಯ ಗುಂಪಿನವರು ಅನ್ನಿಸುತ್ತದೆ. ಹಾಗಂದುಕೊಂಡೇ ಮುಂದಿನದು ಬರೆಯುತ್ತೇನೆ.

ನಿಮ್ಮ ಮೂರು ದಾರಿಗಳಲ್ಲಿ ಎರಡು ಸಹಾಯಕ ನಿರ್ದೇಶನದವು. ಇಲ್ಲೇ ನನ್ನ ಮುಖ್ಯ ಮಾತು ಇದೆ. ಸಹಾಯಕರ ಏಣಿ ನಿರ್ದೇಶಕರ ಕುರ್ಚಿಗೆ ಹೋಗಿ ಮುಟ್ಟಲ್ಲ. ಸಹಾಯಕ ನಿರ್ದೇಶಕರನ್ನು ಸೆಟ್ಟಿನಲ್ಲಿ ಎಡಿ ಅನ್ನುತ್ತಾರೆ. ಥರ್ಡ್ ಎಡಿ, ಸೆಕೆಂಡ್ ಎಡಿ, ಫಸ್ಟ್ ಎಡಿ ಅಂತ ಮೆಟ್ಟಿಲು ಹತ್ತಿದರೆ ಸಹಜವಾಗಿ ಮುಂದೆ ಸಿಗುವುದು ಶೂಟಿಂಗಿನ ಖರ್ಚು, ವ್ಯವಸ್ಥೆ ನೋಡಿಕೊಳ್ಳುವ ಪ್ರೊಡಕ್ಷನ್ ಮ್ಯಾನೇಜರ್ ಅಥವಾ ಲೈನ್ ಪ್ರೊಡ್ಯೂಸರ್ ಕೆಲಸ. ಯಾಕೆಂದರೆ ಫಸ್ಟ್ ಎಡಿ ಕೆಲಸವೇ ಬೇರೆ ಜಾತಿಯದು. ವೇಳಾಪಟ್ಟಿ, ಯಾರು ಎಷ್ಟು ಹೊತ್ತಿಗೆ ಬರಬೇಕು ಅನ್ನುವ ಕಾಲ್ ಶೀಟ್, ಸೆಟ್ಟಿನ ಶಿಸ್ತು, ಸುರಕ್ಷತೆ, "ಇನ್ನು ನಲವತ್ತು ನಿಮಿಷದಲ್ಲಿ ಮೂರು ಶಾಟ್ ಬಾಕಿ" ಅಂತ ನೆನಪಿಸುವುದು. ಅದು ಗೌರವದ ಕೆಲಸ, ಒಳ್ಳೆಯ ಫಸ್ಟ್ ಎಡಿ ಸಿಗುವುದೇ ಕಷ್ಟ. ಆದರೆ ಎಂಟು ವರ್ಷ ಚೆನ್ನಾಗಿ ಎಡಿ ಮಾಡಿದವರನ್ನು ಏಜೆನ್ಸಿ ನಿರ್ದೇಶಕ ಅಂತ ನೋಡಲ್ಲ, ಒಳ್ಳೆಯ ಎಡಿ ಅಂತ ನೋಡುತ್ತದೆ. ಸಹಾಯಕರಾಗಿದ್ದು ನಿರ್ದೇಶಕರಾದವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ಕೇಳಿ ನೋಡಿ. ಬಡ್ತಿಯಿಂದ ಆದವರು ಕಡಿಮೆ. ಮಧ್ಯದಲ್ಲಿ ಎಲ್ಲೋ ತಾವೇ ಒಂದು ಸಣ್ಣ ಚಿತ್ರ ನಿರ್ದೇಶಿಸಿ ತೋರಿಸಿದ್ದರಿಂದ ಆದವರೇ ಹೆಚ್ಚು.

ಹೀಗಾಗಿ ಆಡ್ ಹೌಸಾ, ಸೀರಿಯಲ್ಲಾ ಅನ್ನುವುದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಯಾವ ಕೆಲಸದಲ್ಲಿದ್ದರೆ ನಿರ್ಧಾರಗಳು ಆಗುವುದು ನಿಮ್ಮ ಕಣ್ಣಿಗೆ ಬೀಳುತ್ತದೆ, ಮತ್ತು ನಿಮ್ಮ ಸ್ವಂತ ಚಿತ್ರಕ್ಕೆ ಬೇಕಾದ ಬಿಡುವು, ಹಣ, ಜನ ಸಿಗುತ್ತಾರೆ? ಪ್ರತಿ ದಾರಿಯನ್ನೂ ಈ ಕಣ್ಣಿನಿಂದ ನೋಡಿ.

ಮೊದಲು ಆಡ್ ಫಿಲ್ಮ್ ಹೌಸ್. 30 ಸೆಕೆಂಡಿನ ಒಂದು ಚಿತ್ರ ಅಂದರೆ ಸೆಕೆಂಡಿಗೆ 25 ಫ್ರೇಮಿನಂತೆ 750 ಫ್ರೇಮ್. ಅಷ್ಟಕ್ಕೆ ಒಂದೆರಡು ದಿನ ಶೂಟಿಂಗ್, ಅದಕ್ಕೂ ಮೊದಲು ವಾರಗಟ್ಟಲೆ ತಯಾರಿ. ಪ್ರೀ-ಪ್ರೊಡಕ್ಷನ್ ಮೀಟಿಂಗ್‌ನಲ್ಲಿ ಅಂಗಿಯ ಬಣ್ಣದ ಮೇಲೆ ಒಂದು ಗಂಟೆ ಚರ್ಚೆ ಆಗುತ್ತದೆ. ಹೊಸಬರಿಗೆ ನಗು ಬರುತ್ತದೆ. ಆದರೆ ಅಲ್ಲಿ ಕೂತವರು ಒಂದು ಪಾಠ ಕಲಿಯುತ್ತಾರೆ. ತೆರೆ ಮೇಲೆ ಇರುವ ಪ್ರತಿಯೊಂದು ವಸ್ತುವನ್ನೂ ಯಾರೋ ಒಬ್ಬರು ಆರಿಸಿದ್ದಾರೆ ಅನ್ನುವ ಪಾಠ. ಶಾಟ್‌ಗಳನ್ನು ಮೊದಲೇ ಬರೆದಿಟ್ಟ ಚಿತ್ರಗಳನ್ನು, ಅಂದರೆ ಸ್ಟೋರಿಬೋರ್ಡನ್ನು ಓದುವುದು, ಲೊಕೇಶನ್ ನೋಡುವುದು, ಕಾಸ್ಟಿಂಗ್ ಮಾಡುವುದು, ಕ್ಲೈಂಟ್ ಮಾನಿಟರ್ ಹಿಂದೆ ನಿಂತು ಗೊಣಗಿದಾಗ ನಿರ್ದೇಶಕರು ಏನು ಉತ್ತರ ಕೊಡುತ್ತಾರೆ ಅನ್ನುವುದು, ಎಲ್ಲಾ ಹತ್ತಿರದಿಂದ ಕಾಣುತ್ತದೆ.

ತೊಂದರೆ ಇರುವುದು ಆ "ಸಂಬಳ ಇಲ್ಲ" ಅನ್ನುವುದರಲ್ಲಿ. ಆರು ತಿಂಗಳು ಅಂದರೆ ಅದು ಕಲಿಕೆ ಅಲ್ಲ, ಬಿಟ್ಟಿ ದುಡಿಮೆ. ನನ್ನ ಅಳತೆ ಸರಳ. ಆ ಸೆಟ್ಟಿನಲ್ಲಿ ಲೈಟ್ ಹಿಡಿಯುವವರಿಗೆ, ಊಟ ಬಡಿಸುವವರಿಗೆ ಹಣ ಕೊಡುತ್ತಿದ್ದರೆ ನಿಮಗೂ ಕೊಡಬೇಕು. ಕ್ಲೈಂಟ್ ಹಣ ಕೊಡುವ ಕೆಲಸದಲ್ಲಿ ಯಾರೂ ಧರ್ಮಕ್ಕೆ ದುಡಿಯಬೇಕಾಗಿಲ್ಲ. ಎಲ್ಲರೂ ಬಿಟ್ಟಿ ಮಾಡುವ ಸ್ನೇಹಿತರ ಕಿರುಚಿತ್ರದ ಮಾತು ಬೇರೆ, ಅಲ್ಲಿ ಖಂಡಿತ ಮಾಡಿ. ಹೌಸ್ ನಿಜಕ್ಕೂ ಒಳ್ಳೆಯದು ಅನ್ನಿಸಿದರೆ ಹೀಗೆ ಕೇಳಿ ನೋಡಿ: "ತಿಂಗಳ ಸಂಬಳ ಬೇಡ, ಶೂಟ್ ಇದ್ದ ದಿನಕ್ಕೆ ದಿನಗೂಲಿ ಕೊಡಿ, ಉಳಿದ ದಿನ ನಾನು ಎಡಿಟ್ ಕೆಲಸ ಮಾಡಿಕೊಳ್ಳುತ್ತೇನೆ." ಒಪ್ಪುವ ಹೌಸ್‌ಗಳು ಇವೆ. ಒಪ್ಪದಿದ್ದರೆ ಅವರಿಗೆ ಬೇಕಾಗಿರುವುದು ನೀವಲ್ಲ, ಪುಕ್ಕಟೆ ಕೈ. ಜೊತೆಗೆ ಹೋದ ವರ್ಷ ಎಷ್ಟು ಚಿತ್ರ ಮಾಡಿದರು, ಅಲ್ಲಿ ಮೊದಲು ಕೆಲಸಕ್ಕಿದ್ದ ಸಹಾಯಕರು ಈಗ ಏನು ಮಾಡುತ್ತಿದ್ದಾರೆ ಅಂತಲೂ ವಿಚಾರಿಸಿ. ಎರಡನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಎಲ್ಲಾ ಗೊತ್ತಾಗುತ್ತದೆ.

ಇನ್ನು ಸೀರಿಯಲ್. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷದ ಕಥೆ ಇರುತ್ತದೆ. ದಿನಾ ಪ್ರಸಾರ ಆಗುವ ಧಾರಾವಾಹಿಯ ಯೂನಿಟ್ ದಿನಕ್ಕೆ ಹೆಚ್ಚುಕಡಿಮೆ ಒಂದು ಎಪಿಸೋಡಿನಷ್ಟು ತೆಗೆಯಲೇಬೇಕು. ಜಾಹೀರಾತಿನವರು 30 ಸೆಕೆಂಡ್ ತೆಗೆಯುವ ಹೊತ್ತಿಗೆ ಇವರು 22 ನಿಮಿಷ ತೆಗೆಯುತ್ತಾರೆ. ಇದನ್ನು ನೋಡಿ ಆಡ್‌ನವರು ಮೂಗು ಮುರಿಯುತ್ತಾರೆ, ನನಗೆ ಅದು ಹಿಡಿಸಲ್ಲ. ನಟರ ಜೊತೆ ಮಾತಾಡುವುದನ್ನು ಕಲಿಯಬೇಕಾದರೆ ಸೀರಿಯಲ್ ಸೆಟ್‌ಗಿಂತ ಒಳ್ಳೆಯ ಜಾಗ ಇಲ್ಲ. ಸಂಜೆ ಆರು ಗಂಟೆಗೆ ಸುಸ್ತಾದ ನಟಿಗೆ ಐದನೆಯ ಸಲ ಅಳುವ ಸೀನ್ ಹೇಳಿಕೊಡುವುದು ಹೇಗೆ ಅಂತ ಅಲ್ಲಿ ನೋಡಬೇಕು. ಮೂರು ಕ್ಯಾಮೆರಾ ಒಟ್ಟಿಗೆ ಓಡುವಾಗ ಯಾರು ಎಲ್ಲಿ ನಿಲ್ಲಬೇಕು, ಹಿಂದಿನ ವಾರದ ಸೀನಿಗೆ ಕಂಟಿನ್ಯುಟಿ ಹೇಗೆ ಹೊಂದಿಸಬೇಕು, ಸ್ಕ್ರಿಪ್ಟ್ ಮಧ್ಯಾಹ್ನ ಬಂದರೆ ಬೆಳಿಗ್ಗೆ ಏನು ಶೂಟ್ ಮಾಡಬೇಕು, ಇವೆಲ್ಲ ಕೋರ್ಸ್‌ನಲ್ಲಿ ಸಿಗಲ್ಲ. ಜಾಹೀರಾತಿನಲ್ಲಿ ಚಂದದ ಫ್ರೇಮ್ ಇಡುವವರು ತುಂಬಾ ಜನ ಇದ್ದಾರೆ. ಇಬ್ಬರು ಮನುಷ್ಯರು ನಂಬುವ ಹಾಗೆ ಎರಡು ಮಾತಾಡಿದಂತೆ ತೆಗೆಯುವವರು ಕಡಿಮೆ. ಅಲ್ಲಿ ಸೀರಿಯಲ್ ಪಳಗಿಸಿದ ಕೈಗೆ ಬೆಲೆ ಇದೆ.

ಅಪಾಯ ಇರುವುದು ಕ್ಯಾಲೆಂಡರ್‌ನಲ್ಲಿ. ಮೊದಲೇ ತೆಗೆದಿಟ್ಟ ಎಪಿಸೋಡ್‌ಗಳ ಬ್ಯಾಂಕ್ ಖಾಲಿಯಾಗುತ್ತಿದ್ದರೆ ನಿಮಗೆ ರಜೆ ಅನ್ನುವುದೇ ಇಲ್ಲ. ಒಂದು ವರ್ಷ ಕಳೆದದ್ದು ಗೊತ್ತಾಗಲ್ಲ, ಸ್ವಂತದ್ದು ಒಂದು ಶಾಟ್ ಕೂಡ ಆಗಿರಲ್ಲ. ಹಣೆಪಟ್ಟಿ ಬೀಳುವುದು ಹೀಗೆ. ಸೀರಿಯಲ್ ಮಾಡಿದ್ದಕ್ಕಲ್ಲ, ಅದರ ಪಕ್ಕದಲ್ಲಿ ತೋರಿಸೋಕೆ ಇನ್ನೇನೂ ಇಲ್ಲದ್ದಕ್ಕೆ. ಮತ್ತೆ, ಮನೆಯವರು ಅಂದುಕೊಂಡಷ್ಟು ಭದ್ರವೂ ಅಲ್ಲ. ರೇಟಿಂಗ್ ಬಿದ್ದರೆ ಧಾರಾವಾಹಿ ನಿಂತೇ ಹೋಗುತ್ತದೆ, ಕೆಲವೊಮ್ಮೆ ಕೆಲವೇ ವಾರಗಳ ಸೂಚನೆ ಕೊಟ್ಟು.

ಎರಡರಲ್ಲಿ ಎಲ್ಲಿಗೆ ಹೋದರೂ ಕೆಲಸದ ಹೊತ್ತಿನ ಬಗ್ಗೆ ಮೊದಲೇ ಮಾತಾಡಿ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. 1997ರಲ್ಲಿ ಅಮೆರಿಕದ ಕ್ಯಾಮೆರಾ ಸಹಾಯಕ ಬ್ರೆಂಟ್ ಹರ್ಶ್‌ಮನ್ 19 ಗಂಟೆಗಳ ಶೂಟಿಂಗ್ ಮುಗಿಸಿ ತಾವೇ ಕಾರು ಓಡಿಸಿಕೊಂಡು ಮನೆಗೆ ಹೊರಟವರು ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಹೆಸರಾಂತ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಕೆಲಸದ ಅವಧಿಗೆ ಮಿತಿ ಬೇಕು ಅಂತ ವರ್ಷಗಟ್ಟಲೆ ಹೋರಾಡಿದರು. ರಾತ್ರಿ ಶೂಟ್ ಮುಗಿದ ಮೇಲೆ ಗಾಡಿ ಕೊಡುತ್ತೀರಾ ಅಂತ ಕೇಳಲು ನಾಚಿಕೆ ಬೇಡ. ಸಹಾಯಕರು ಕೇಳಿದರೆ ಕೊಡುವ ಪ್ರೊಡ್ಯೂಸರ್‌ಗಳೇ ಹೆಚ್ಚು. ಕೇಳದಿದ್ದರೆ ಯಾರಿಗೂ ನೆನಪಾಗಲ್ಲ.

ಕೋರ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನನಗೆ ಗೊತ್ತಿರುವ ಮಟ್ಟಿಗೆ ಯಾವ ಏಜೆನ್ಸಿಯೂ ನಿರ್ದೇಶಕರ ಸರ್ಟಿಫಿಕೇಟ್ ಕೇಳಿಲ್ಲ. ಒಳ್ಳೆಯ ಶಾಲೆ ಕೊಡುವುದು ಮೂರು: ಕ್ಯಾಮೆರಾ ಮತ್ತು ಎಡಿಟ್ ಸಲಕರಣೆ, ತಪ್ಪು ಮಾಡಲು ಅವಕಾಶ, ಮುಂದಿನ ಇಪ್ಪತ್ತು ವರ್ಷ ಜೊತೆಗಿರುವ ಸಹಪಾಠಿಗಳು. ಮೂರನೆಯದೇ ದೊಡ್ಡದು. ಆದರೆ ಸಾಲ ಮಾಡಿದರೆ ಕೋರ್ಸ್ ಮುಗಿದ ಮೇಲೆ ಕಂತು ಶುರು. ಈ ವೃತ್ತಿಯ ಮೊದಲ ವರ್ಷಗಳಲ್ಲಿ ಕೈಯಲ್ಲಿ ಇರಬೇಕಾದದ್ದು ಕಾಯುವ ತಾಕತ್ತು. ಕಂತು ಅದನ್ನೇ ಕಿತ್ತುಕೊಳ್ಳುತ್ತದೆ. ಆಗ ಸಿಕ್ಕ ಕೆಲಸಕ್ಕೆಲ್ಲ ಹೂಂ ಅನ್ನಬೇಕಾಗುತ್ತದೆ. ಸಾಲ ಇಲ್ಲದೆ ಆಗುವುದಿದ್ದರೆ ಯೋಚಿಸಿ, ಅದೂ ಅಲ್ಲಿನ ಹಳೆಯ ವಿದ್ಯಾರ್ಥಿಗಳ ಡಿಪ್ಲೊಮಾ ಚಿತ್ರಗಳನ್ನು ನೋಡಿದ ಮೇಲೆ. ಶಾಲೆಯವರು ಆರಿಸಿ ತೋರಿಸಿದ ಎರಡನ್ನು ಮಾತ್ರ ನೋಡಿ ಬರಬೇಡಿ. ಒಂದು ಇಡೀ ಬ್ಯಾಚಿನದು ತೋರಿಸಿ ಅನ್ನಿ.

ಈಗ ನೀವು ಕೇಳದ ನಾಲ್ಕನೆಯ ದಾರಿ. ಜಾಹೀರಾತು ಚಿತ್ರಗಳನ್ನು ಎಡಿಟ್ ಮಾಡುವ ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೊಗಳು ಇವೆ. ಅಲ್ಲಿ ಅಸಿಸ್ಟೆಂಟ್ ಎಡಿಟರ್ ಕೆಲಸ ಹುಡುಕಿ. ಸಾಫ್ಟ್‌ವೇರ್ ನಿಮಗೆ ಬರುತ್ತದೆ, ವೇಗವೂ ಇದೆ. ಇದಕ್ಕೆ ಯಾರೂ ನಿರ್ದೇಶನದ ರೀಲ್ ಕೇಳಲ್ಲ.

ಅಲ್ಲಿ ಏನು ಸಿಗುತ್ತದೆ? ಬೇರೆ ಬೇರೆ ನಿರ್ದೇಶಕರ ಕಚ್ಚಾ ಫುಟೇಜ್ ಪೂರ್ತಿ ನೋಡಲು ಸಿಗುತ್ತದೆ. ಟೇಕ್ ಒಂದರಿಂದ ಹನ್ನೊಂದರವರೆಗೆ ನಟ ಹೇಗೆ ಬದಲಾದ, ಎರಡು ಟೇಕ್ ನಡುವೆ ನಿರ್ದೇಶಕರು ಏನು ಹೇಳಿದರು ಅನ್ನುವುದು ಸೌಂಡ್ ಸಮೇತ ಇರುತ್ತದೆ. ಸೆಟ್ಟಿನಲ್ಲಿ ಟ್ರಾಫಿಕ್ ತಡೆಯುತ್ತಾ ನಿಂತ ಥರ್ಡ್ ಎಡಿಗೆ ಇದು ಕೇಳಿಸುವುದೇ ಇಲ್ಲ. ದೊಡ್ಡ ಹೆಸರಿನವರೂ ಯಾವ ಶಾಟ್ ತೆಗೆಯಲು ಮರೆಯುತ್ತಾರೆ, ಆ ತೂತನ್ನು ಹೇಗೆ ಮುಚ್ಚಬೇಕು ಅಂತ ಗೊತ್ತಾಗುತ್ತದೆ. ಆಫ್‌ಲೈನ್ ಕಟ್, ಅಂದರೆ ಅಂತಿಮಗೊಳಿಸುವ ಮೊದಲಿನ ಎಡಿಟ್, ನೋಡಲು ಏಜೆನ್ಸಿ, ಕ್ಲೈಂಟ್ ಬರುತ್ತಾರೆ. "ಬ್ರ್ಯಾಂಡ್ ಬೇಗ ಬರಲಿ" ಅನ್ನುವ ಮಾತಿನ ಹಿಂದೆ ನಿಜವಾದ ಆತಂಕ ಏನು ಅಂತ ಅಲ್ಲಿ ಕೂತು ಕೇಳಬೇಕು. 30 ಸೆಕೆಂಡಿನದನ್ನು 20ಕ್ಕೆ, 15ಕ್ಕೆ, 6ಕ್ಕೆ ಇಳಿಸುವಾಗ ಕಥೆಯ ಯಾವ ಮೂಳೆ ಮುರಿಯಬಾರದು ಅನ್ನುವುದು ಕೈಗೆ ಬರುತ್ತದೆ. ಡೇವಿಡ್ ಲೀನ್, ರಾಬರ್ಟ್ ವೈಸ್, ಹಾಲ್ ಆಶ್ಬಿ, ಮೂವರೂ ಎಡಿಟಿಂಗ್ ಮಾಡುತ್ತಿದ್ದು ನಿರ್ದೇಶನಕ್ಕೆ ಬಂದವರು. ಮುಖ್ಯವಾಗಿ, ನಿರ್ದೇಶಕರು ಮತ್ತು ಪ್ರೊಡ್ಯೂಸರ್‌ಗಳು ನಿಮ್ಮ ಪಕ್ಕದ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತಿರುತ್ತಾರೆ. ಮುಂದೆ ಒಂದು ಸಣ್ಣ ಬಜೆಟ್ಟಿನ ಡಿಜಿಟಲ್ ಚಿತ್ರ ಬಂದು, ದೊಡ್ಡ ನಿರ್ದೇಶಕರು ಅದಕ್ಕೆ ಒಪ್ಪದೇ ಹೋದಾಗ, ಪ್ರೊಡ್ಯೂಸರ್‌ಗೆ ಮೊದಲು ನೆನಪಾಗುವುದು ಪಕ್ಕದಲ್ಲಿ ಕೂತು ಬುದ್ಧಿವಂತಿಕೆಯ ಮಾತಾಡಿದವರು. ಹೊಸಬರಿಗೆ ಮೊದಲ ಕೆಲಸ ಸಿಗುವುದು ಹೆಚ್ಚಾಗಿ ಇಂಥ ಸಂದಿಯಲ್ಲೇ.

ಇದರಲ್ಲೂ ಎರಡು ಅಪಾಯ ಇದೆ. ಪೋಸ್ಟ್ ಕೆಲಸದಲ್ಲಿ ರಾತ್ರಿಗಳು ಹೋಗುತ್ತವೆ, ಪ್ರಸಾರದ ತಾರೀಖು ಹತ್ತಿರ ಬಂದರೆ ಅಂತೂ ಕೇಳಲೇಬೇಡಿ. ಇನ್ನೊಂದು ಅಪಾಯ ಸಿಹಿಯಾಗಿರುತ್ತದೆ. ಒಳ್ಳೆಯ ಎಡಿಟರನ್ನು ಯಾರೂ ಬಿಟ್ಟುಕೊಡಲ್ಲ. ಸಂಬಳ ಏರುತ್ತದೆ, ಹೆಸರು ಬರುತ್ತದೆ, ನಿರ್ದೇಶನದ ಮಾತು ಹಿಂದೆ ಬೀಳುತ್ತದೆ. ಕೆಲವರು ಹಾಗೆ ಸಂತೋಷವಾಗಿ ಎಡಿಟರ್ ಆಗಿಯೇ ಉಳಿಯುತ್ತಾರೆ, ಅದರಲ್ಲೇನೂ ತಪ್ಪಿಲ್ಲ. ನಿಮಗೆ ಅದು ಬೇಡ ಅಂದರೆ, ಸೇರಿದ ಮೊದಲ ವರ್ಷದೊಳಗೆ ಒಂದು ಸ್ವಂತ ಚಿತ್ರ ಮಾಡಿರಬೇಕು.

ಹಾಗಾದರೆ ರೀಲ್. ಕೆಲಸ ಕೊಡದವರಿಂದ ರೀಲ್ ಬರಲ್ಲ, ಆದ್ದರಿಂದ ಅದನ್ನು ನೀವೇ ಮಾಡಬೇಕು. ಇದಕ್ಕೆ ಸ್ಪೆಕ್ ಆಡ್ ಅನ್ನುತ್ತಾರೆ. ಯಾವ ಕ್ಲೈಂಟೂ ಕೇಳದೆ, ನಿಮ್ಮ ಕೈ ತೋರಿಸೋಕೆ ಅಂತ ಮಾಡಿದ ಜಾಹೀರಾತು. 2016ರಲ್ಲಿ ಜರ್ಮನಿಯ ಫಿಲ್ಮ್ ಶಾಲೆಯ ವಿದ್ಯಾರ್ಥಿ ಯೂಜೆನ್ ಮೆರ್ಹೆರ್ ಅಡಿಡಾಸ್ ಹೆಸರಲ್ಲಿ ಇಂಥದ್ದೊಂದು ಮಾಡಿದರು. ವೃದ್ಧಾಶ್ರಮದಲ್ಲಿರುವ ಹಳೆಯ ಓಟಗಾರನ ಕಥೆ. ಕಂಪನಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಅದು ಜಗತ್ತೆಲ್ಲಾ ಸುತ್ತಿತು. ಅಷ್ಟು ಓಡಾಡುವುದು ಅಪರೂಪ, ಅದನ್ನು ನಂಬಿ ಕೂರಬೇಡಿ. ಆದರೆ ಅದು ಯಾಕೆ ಕೆಲಸ ಮಾಡಿತು ಅಂತ ನೋಡಿ. ಒಬ್ಬ ಮನುಷ್ಯ, ಒಂದು ಜಾಗ, ಒಂದು ಆಸೆ. ಡ್ರೋನ್ ಶಾಟ್‌ಗಳ ಮೆರವಣಿಗೆ ಇಲ್ಲ.

ನೀವೂ ಅಷ್ಟಕ್ಕೇ ಕೈ ಹಾಕಿ. ಒಂದು ಕೋಣೆ, ಒಬ್ಬರೋ ಇಬ್ಬರೋ ನಟರು, ಮಧ್ಯದಲ್ಲಿ ಒಂದು ತಿರುವು, ಒಂದು ದಿನದ ಶೂಟ್. ಲೈಟ್, ಲೆನ್ಸ್‌ಗೆ ಖರ್ಚು ಮಾಡುವ ಬದಲು ನಟರಿಗೆ ಮತ್ತು ಸೌಂಡ್‌ಗೆ ಮಾಡಿ. ಮೊದಲ ಸ್ಪೆಕ್‌ಗಳಲ್ಲಿ ಹಾಳಾಗಿರುವುದು ಹೆಚ್ಚಾಗಿ ಸೌಂಡ್. ಮುಗಿದ ಮೇಲೆ ಒಂದು ಸಲ ಸೌಂಡ್ ಬಂದ್ ಮಾಡಿ ನೋಡಿ, ಇನ್ನೊಂದು ಸಲ ಬೆನ್ನು ಮಾಡಿ ಕೇಳಿ. ಎರಡರಲ್ಲೂ ಕಥೆ ಸ್ವಲ್ಪವಾದರೂ ಗೊತ್ತಾಗಬೇಕು. 30 ಸೆಕೆಂಡಿನದು ಆದ ಮೇಲೆ 15 ಸೆಕೆಂಡಿನ ಕಟ್ ಕೂಡ ಮಾಡಿ. ಎಡಿಟರ್ ಆಗಿ ನಿಮಗೆ ಇಲ್ಲಿ ಬೇರೆಯವರಿಗಿಲ್ಲದ ಲಾಭ ಇದೆ. ಸ್ಪೆಕ್ ಅಂತ ಸ್ಪಷ್ಟವಾಗಿ ಬರೆಯಿರಿ. ಬ್ರ್ಯಾಂಡ್ ನಿಮಗೆ ಕೆಲಸ ಕೊಟ್ಟಿತ್ತು ಅನ್ನುವ ಹಾಗೆ ತೋರಿಸಿಕೊಂಡರೆ ಒಂದೇ ಫೋನ್ ಕಾಲ್‌ನಲ್ಲಿ ಗುಟ್ಟು ಬಯಲಾಗುತ್ತದೆ. ಹೆಸರಾಂತ ಹಾಡು ಹಾಕಿ ಭಾವನೆ ಎರವಲು ಪಡೆಯಬೇಡಿ. ಹಕ್ಕಿನ ತೊಂದರೆ ಒಂದು ಕಡೆ, ಚಿತ್ರವನ್ನು ಹಾಡು ಎತ್ತಿಕೊಂಡು ಹೋಗುತ್ತಿದೆ ಅಂತ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಎಐನಲ್ಲಿ ಮಾಡಿದ ಚಿತ್ರಗಳು ಸ್ಟೋರಿಬೋರ್ಡಿಗೆ, ಟ್ರೀಟ್‌ಮೆಂಟಿಗೆ ಇರಲಿ. ಶೂಟ್ ಮಾಡಿದ್ದು ಅಂತ ಅವನ್ನು ರೀಲ್‌ನಲ್ಲಿ ಸೇರಿಸಬೇಡಿ.

ಇಂಥದ್ದು ಎರಡು ಮೂರು ಆದರೆ ಸಾಕು. ಬಿಡಿ ಬಿಡಿಯಾಗಿಯೇ ಇಡಿ. ಎಲ್ಲಾ ಚಂದದ ಶಾಟ್‌ಗಳನ್ನು ಸಂಗೀತಕ್ಕೆ ಕಟ್ ಮಾಡಿದ ಮೊಂಟಾಜ್ ನೋಡಿದರೆ ನೀವು ಒಳ್ಳೆಯ ಎಡಿಟರ್ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಸಹಾಯಕರಾಗಿದ್ದ ಚಿತ್ರವನ್ನು ನಿಮ್ಮ ನಿರ್ದೇಶನ ಅನ್ನುವಂತೆ ಇಡಬೇಡಿ, ಈ ಲೋಕ ಬಹಳ ಚಿಕ್ಕದು.

ಹಣದ ಬಗ್ಗೆ ಒಂದು ಮಾತು. ಕಂಪನಿ ಕೆಲಸ ಇವತ್ತೇ ಬಿಡಬೇಡಿ. ಸತ್ಯಜಿತ್ ರಾಯ್ 1943ರಲ್ಲಿ ಒಂದು ಜಾಹೀರಾತು ಏಜೆನ್ಸಿಗೆ ಜಾಹೀರಾತಿನ ಚಿತ್ರ, ವಿನ್ಯಾಸ ಮಾಡುವ ವಿಷುವಲೈಸರ್ ಆಗಿ ಸೇರಿದವರು. ಅವರ ಮೊದಲ ಚಿತ್ರ ಬಂದದ್ದು 1955ರಲ್ಲಿ. ಅದರ ಶೂಟಿಂಗ್ ಶುರುವಾದಾಗ ಇನ್ನೂ ಆ ಕೆಲಸದಲ್ಲೇ ಇದ್ದರು, ವಾರದ ಕೊನೆಯಲ್ಲಿ ಹೋಗಿ ಚಿತ್ರೀಕರಣ ಮಾಡುತ್ತಿದ್ದರು. ನಿಮ್ಮ ಸಂಬಳ ನಿಮ್ಮ ಮೊದಲ ಸ್ಪೆಕ್‌ನ ಪ್ರೊಡ್ಯೂಸರ್ ಅಂದುಕೊಳ್ಳಿ. ಆಮೇಲೆ ಫ್ರೀಲಾನ್ಸ್‌ಗೆ ಇಳಿದಾಗ ಪೇಮೆಂಟ್ ತಡವಾಗಿಯೇ ಬರುತ್ತದೆ. ಕ್ಲೈಂಟ್ ಏಜೆನ್ಸಿಗೆ ತಡ ಮಾಡುತ್ತದೆ, ಏಜೆನ್ಸಿ ಹೌಸ್‌ಗೆ, ಹೌಸ್ ನಿಮಗೆ. ಎರಡು ಮೂರು ತಿಂಗಳು ಮಾಮೂಲು. ಕನಿಷ್ಠ ಆರು ತಿಂಗಳ ಖರ್ಚು ಕೈಯಲ್ಲಿ ಇಲ್ಲದೆ ಇಳಿಯಬೇಡಿ. ದಿನಗೂಲಿ ಎಷ್ಟು, ಎಷ್ಟು ಗಂಟೆ, ಓವರ್‌ಟೈಮ್ ಏನು, ಶೂಟ್ ರದ್ದಾದರೆ ಎಷ್ಟು, ಹಣ ಯಾವಾಗ, ಈ ಐದನ್ನು ಶೂಟಿಂಗ್‌ಗೆ ಮೊದಲು ಒಂದು ಮೇಲ್‌ನಲ್ಲಿ ಬರೆಸಿಕೊಳ್ಳಿ.

ನಿಮ್ಮ ಜಾಗದಲ್ಲಿದ್ದರೆ ನಾನು ಹೀಗೆ ಮಾಡುತ್ತಿದ್ದೆ. ಸಾಲದ ಕೋರ್ಸ್ ಬಿಡುತ್ತಿದ್ದೆ. ಬಿಟ್ಟಿ ಎಡಿ ಕೆಲಸವನ್ನು ದಿನಗೂಲಿಗೆ ಬದಲಾಯಿಸಲು ಕೇಳುತ್ತಿದ್ದೆ. ಈಗಿನ ಕೆಲಸದಲ್ಲಿದ್ದುಕೊಂಡೇ ಮೂರ್ನಾಲ್ಕು ತಿಂಗಳಲ್ಲಿ ಒಂದು ಸ್ಪೆಕ್ ಮುಗಿಸಿ, ಅದನ್ನು ಹಿಡಿದು ಪೋಸ್ಟ್ ಸ್ಟುಡಿಯೊ ಬಾಗಿಲು ತಟ್ಟುತ್ತಿದ್ದೆ. ಅದು ಸಿಗದೇ ಹೋದರೆ ಸೀರಿಯಲ್‌ಗೆ ಧೈರ್ಯವಾಗಿ ಹೋಗುತ್ತಿದ್ದೆ, ಎರಡು ವರ್ಷ ಅಂತ ಗಡುವು ಹಾಕಿಕೊಂಡು. ಆ ಎರಡು ವರ್ಷದಲ್ಲಿ ಪರಿಚಯವಾದ ನಟರಲ್ಲಿ ಇಬ್ಬರು ಮುಂದಿನ ಸ್ಪೆಕ್‌ಗೆ ಬಂದೇ ಬರುತ್ತಾರೆ.

ಬಾಗಿಲು ತಟ್ಟುವಾಗ ನಿರ್ದೇಶಕರಿಗೆ ಬರೆಯಬೇಡಿ, ಅವರಿಗೆ ಓದಲು ಪುರಸೊತ್ತು ಇರಲ್ಲ. ಹೌಸ್‌ನ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್‌ಗೆ, ಪೋಸ್ಟ್ ಸ್ಟುಡಿಯೊ ಆದರೆ ಪೋಸ್ಟ್ ಪ್ರೊಡ್ಯೂಸರ್‌ಗೆ ಬರೆಯಿರಿ. ಐದಾರು ಸಾಲು ಸಾಕು. ಯಾರು, ಈಗ ಏನು ಮಾಡುತ್ತಿದ್ದೀರಿ, ಏನು ಬೇಕು, ಒಂದು ಲಿಂಕ್. ಪಾಸ್‌ವರ್ಡ್ ಕೇಳದ, ಮೊಬೈಲ್‌ನಲ್ಲಿ ಒಂದೇ ಒತ್ತಿಗೆ ಓಡುವ ಲಿಂಕ್. ಉತ್ತರ ಬರದಿದ್ದರೆ ಎರಡು ಮೂರು ವಾರ ಬಿಟ್ಟು ಒಂದು ಸಲ ನೆನಪಿಸಿ. ಆಮೇಲೆ ಹೊಸ ಚಿತ್ರ ಕೈಯಲ್ಲಿದ್ದಾಗ ಮಾತ್ರ ಮತ್ತೆ ಬರೆಯಿರಿ.